ಸರ್ಕಾರಿ ಮಾವನ ಎರಡನೆಯ ಶವಯಾತ್ರೆ

ತೀರ್ಥರೂಪ ಸಮಾನರೂ, ನನ್ನ ತಾಯಿಗೆ ಒಬ್ಬರೇ ಅಣ್ಣನವರೂ, ನಮ್ಮ ಸ್ವಾತಂತ್ರ್ಯ ಚಳವಳಿಗೆ ಪರಮ ವೈರಿಗಳೂ ಆದ ಸೋದರಮಾವನವರ ಪಾದಗಳಿಗೆ ಬಸವಾಪಟ್ಟಣದಿಂದ ಹಾಲೇಶನ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ. ಅತ್ತಲಿನ ಕ್ಷೇಮಕ್ಕೆ ಕಾಗದ ಬರೆಯಿರಿ ಎನ್ನುವುದು ವಾಡಿಕೆ. ತಾವು ಮಾತ್ರ ದಯವಿಟ್ಟು ಬರೆಯಬಾರದು. ನಿಮ್ಮ ಅಕ್ಷರ ಕಂಡರೆ ಅತ್ತೆ ಎದೆ ಒಡೆದುಕೊಂಡಾಳು. ಅಂಚೆಯವನಂತೂ ಊರೇ ಬಿಟ್ಟಾನು.

ಚನ್ನಗಿರಿ ಕೋರ್ಟಿನಲ್ಲಿ ನೀವು ಸಾಕ್ಷಿ ಹೇಳಿದ ದಿನ ನೆನಪಿದೆಯೇ? ಹೆಂಡದ ಹರಾಜು ನಿಲ್ಲಲೆಂದು ನನ್ನ ಅಣ್ಣ ರುದ್ರಣ್ಣ ಮತ್ತವನ ಸಂಗಡಿಗರು ಹಳ್ಳದ ದಂಡೆಯ ಈಚಲು ಮರಗಳನ್ನು ಕಡಿದಿದ್ದರು. ನೀವು ಜಿಲ್ಲಾ ಬೋರ್ಡಿನ ಮೆಂಬರು. ತಾಲ್ಲೂಕಿನ ಅಮಲ್ದಾರರು ಊರಿಗೆ ಬಂದರೆ ಕಾಫಿ ನಿಮ್ಮಲ್ಲೇ, ಉಪ್ಪಿಟ್ಟೂ ನಿಮ್ಮಲ್ಲೇ. ಆದರೂ ಮಕ್ಕಳಿಲ್ಲದ ನೀವು ಎತ್ತಿ ಆಡಿಸಿದ ಅಳಿಯನ ಹೆಸರು ಹೇಳಲಾರಿರಿ ಎಂದು ಅಮ್ಮ ನಂಬಿದ್ದಳು. "ಯಾರನ್ನ ಕಂಡ್ರಿ?" ಎಂದು ವಕೀಲರು ಕೇಳಿದರು. ನೀವು ಜರಿ ಪೇಟ ಸರಿಮಾಡಿಕೊಂಡು, "ಎಲ್ಲರ ಮುಂದೆ ಕೊಡ್ಲಿ ಹಿಡ್ಕೊಂಡಿದ್ದೋನು ನನ್ನ ತಂಗಿ ಮಗ, ರುದ್ರಣ್ಣ" ಎಂದಿರಿ. ಅಣ್ಣ ಶಿವಮೊಗ್ಗದ ಜೈಲು ಸೇರಿದ. ಅಮ್ಮ ನಿಮ್ಮ ಹೊಸಿಲು ತುಳಿಯುವುದನ್ನು ಬಿಟ್ಟಳು. ಊರಿನ ಬಾಯಲ್ಲಿ ನೀವು 'ಸರ್ಕಾರಿ ಮಾವ' ಆದಿರಿ. ಅಳಿಯನಿಗಿಂತ ಅಮಲ್ದಾರ ಹೆಚ್ಚಾದನೇ, ಮಾವ? ಮುಖಕ್ಕೆ ಮುಖ ಕೊಟ್ಟು ಕೇಳಬೇಕೆಂದಿದ್ದೆ. ಅದರ ಬದಲು...

ಅದರ ಬದಲು ನಿಮಗೊಂದು ಶವಯಾತ್ರೆ ಮಾಡಿದೆ. ಭತ್ತದ ಹುಲ್ಲಿನಲ್ಲಿ ನಿಮ್ಮನ್ನು ಕಟ್ಟಿದೆವು. ಹೊಟ್ಟೆಗೆ ಸಾಲದೆ ಇನ್ನೊಂದು ಹೊರೆ ತರಿಸಬೇಕಾಯಿತು. ಚಟ್ಟದ ಮೇಲೆ ಮಲಗಿಸಿ, ತಮಟೆ ಬಡಿಸಿಕೊಂಡು ನಿಮ್ಮ ಬೀದಿಗೇ ಬಂದೆವು. ನಾನು ಅಮ್ಮನ ಹಳೇ ಸೀರೆ ಹೊದ್ದು, "ಅಯ್ಯೋ ನನ್ನ ಸರ್ಕಾರಿ ಮಾವಾ, ಅಮಲ್ದಾರರಿಗೆ ಇನ್ನು ಉಪ್ಪಿಟ್ಟು ಕೆದಕೋರು ಯಾರೋ" ಎಂದು ರಾಗ ಎಳೆದೆ. ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದ ನೀವು ಎದ್ದು ನಿಂತಿರಿ. ಬೈಯುತ್ತೀರೆಂದು ಕಾಯುತ್ತಿದ್ದೆವು. "ಲೇ ಹಾಲೇಶ, ನಮ್ಮ ಲಿಂಗವಂತರನ್ನ ಮಲಗಿಸಿ ಹೊರ್ತಾರೇನಲೇ? ಬಿದಿರಿನ ವಿಮಾನ ಕಟ್ಟಿ ಕೂಡ್ಸಬೇಕು. ಅಣಕ ಮಾಡಾಕೂ ಪದ್ಧತಿ ಗೊತ್ತಿರಬೇಕು ಕಣಲೇ!" ಎಂದಿರಿ. ನಮ್ಮ ತಮಟೆಯವನೇ ನಕ್ಕುಬಿಟ್ಟ. ಆ ದಿನ ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಣ್ಣ ಜೈಲಿನಿಂದ ಬಂದ ಮೇಲೆ ನಿಮಗೆ ಎರಡನೆಯ ಶವಯಾತ್ರೆ ಗೊತ್ತುಮಾಡಿದೆವು. ಈ ಸಲ ಸಂತೆಯ ದಿನ, ಪದ್ಧತಿ ಪ್ರಕಾರ ಕೂಡಿಸಿಯೇ. ಸಾಸ್ವೆಹಳ್ಳಿವರೆಗೂ ಸುದ್ದಿ ಮುಟ್ಟಿಸಿದ್ದೆವು. ಆ ದಿನ ಬೆಳಿಗ್ಗೆ ನಾನು ವಿಮಾನಕ್ಕೆ ಬಿದಿರು ಸೀಳುತ್ತ ಕೂತಿದ್ದಾಗ ನಿಮ್ಮ ಮನೆಯ ಆಳು ಓಡಿ ಬಂದ. ನೀವು ಸ್ನಾನ ಮುಗಿಸಿ, ಲಿಂಗಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿದ್ದಿರಂತೆ. ನನಗೇನು ಅನ್ನಿಸಿತು ಗೊತ್ತೇ? ಮೊದಲು ಅನ್ನಿಸಿದ್ದು, ಈ ಮುದುಕ ನಮ್ಮ ಮೇಲೆ ಮತ್ತೆ ಗೆದ್ದ ಎಂದು. ಆಮೇಲೆ ಕೈಯಲ್ಲಿದ್ದ ಬಿದಿರು ಕೆಳಗಿಡಲು ಆಗಲಿಲ್ಲ.

ಅತ್ತೆ ಒಬ್ಬಳೇ ನಿಮ್ಮ ಪಕ್ಕ ಕೂತಿದ್ದಳು. "ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು. ಈ ಊರಾಗೆ ಇವ್ರಿಗೆ ಹೆಗಲು ಕೊಡೋರು ಅದಾರೇನೋ, ಹಾಲೇಶ? ಹೋಗಿ ಕೇಳಪ್ಪ" ಎಂದಳು. ನಾನು ಸಂತೆಗೆ ಓಡಿದೆ. ಸೊಪ್ಪಿನ ಸಾಲಿನ ಹತ್ತಿರ ಎತ್ತಿನ ಗಾಡಿ ಹತ್ತಿ, "ನಮ್ಮ ಮಾವ ಸತ್ತೋದ್ರು ಕಣ್ರೋ, ಬರ್ರಪ್ಪೋ" ಎಂದು ಕೂಗಿದೆ. ಸಂತೆಗೆ ಸಂತೆಯೇ ಕೇಕೆ ಹಾಕಿತು. ನನಗೆ ಕಣ್ಣೀರು ಬಂತು. ಚಪ್ಪಾಳೆ ಬಿತ್ತು. "ಹೋದ ಸಲಕ್ಕಿಂತ ಚಂದ ಅಳ್ತಾನಲೇ ಇವ್ನು!" ಎಂದ ಒಬ್ಬ. "ಸೀರೆ ಎಲ್ಲೋ? ಸೀರೆ ಉಟ್ಕೊಂಡು ಅಳೋ!" ಎಂದಳು ಮೆಣಸಿನಕಾಯಿ ಮಾರುವ ಅಜ್ಜಿ. "ನಿಮ್ಮ ಕಾಲಿಗೆ ಬೀಳ್ತೀನಿ, ದಿಟವಾಗ್ಲೂ ಸತ್ತಾರೆ" ಎಂದು ಬಿಕ್ಕಿದೆ. "ಆಹಾ, ಏನ್ ಕಲೆಗಾರನಪ್ಪ!" ಹುಡುಗರು ನನ್ನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡು ಹೊರಟೇಬಿಟ್ಟರು. ಹಾಗಾಗಿ, ಮಾವ, ನಿಮ್ಮ ಮಣ್ಣಿಗೆ ಬಂದಷ್ಟು ಜನ ಈ ಸೀಮೆಯಲ್ಲಿ ಯಾರ ಮಣ್ಣಿಗೂ ಬಂದಿಲ್ಲ. ಎಲ್ಲರೂ "ಸರ್ಕಾರಿ ಮಾವನಿಗೆ ಧಿಕ್ಕಾರ" ಎನ್ನುತ್ತಲೇ ಬಂದರು ಎಂಬುದನ್ನು ತಾವು ದೊಡ್ಡ ಮನಸ್ಸು ಮಾಡಿ ಮರೆಯಬೇಕು.

ನಿಮ್ಮ ಬಾಗಿಲಿಗೆ ಬಂದಾಗ ಮುಂದಿನವರ ಕೂಗು ಅರ್ಧಕ್ಕೆ ನಿಂತಿತು. ಹಿಂದಿನವರು ಇನ್ನೂ ಕೂಗುತ್ತಿದ್ದರು. ಪಡಸಾಲೆಯಲ್ಲಿ ಅತ್ತೆ, ಆಳು ಸೇರಿ ನಿಮ್ಮನ್ನು ಕೂಡಿಸಿ, ಹಣೆತುಂಬ ವಿಭೂತಿ ಹಚ್ಚಿ, ತಲೆ ವಾಲದಂತೆ ಬಟ್ಟೆ ಕಟ್ಟಿದ್ದರು. ಇದ್ದಿಲಿನಿಂದ ಓಡುವ ಬಸ್ಸಿನ ಡ್ರೈವರ್ ಖಾದರ್ ಸಾಬಿ ಮೊದಲು ಚಪ್ಪಲಿ ಬಿಟ್ಟ. "ಬಾಯಿ ಮುಚ್ರೋ. ನಿಜವಾಗ್ಲೂ ಹೋಗ್ಯಾರೆ" ಎಂದು ಹಿಂದಕ್ಕೆ ತಿರುಗಿ ಗದರಿಸಿದ. ಮಾತು ಬಾಯಿಂದ ಬಾಯಿಗೆ ಬೀದಿಯ ಕೊನೆಯವರೆಗೆ ಹೋಯಿತು. ಯಾರೂ ಒಳಗೆ ಬರಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ.

ಅಷ್ಟರಲ್ಲಿ ಅಣ್ಣ ಬಂದ. ಹಿಂದೆಯೇ ಅಮ್ಮ ಬಂದವಳು ಯಾರನ್ನೂ ನೋಡದೆ ಹೊಸಿಲು ದಾಟಿ ಅತ್ತೆಯನ್ನು ತಬ್ಬಿಕೊಂಡಳು. ಅಣ್ಣ ಅಂಗಳದಲ್ಲೇ ನಿಂತ. ಅವನ ಜೊತೆ ಜೈಲಿನಲ್ಲಿದ್ದ ಪರಮೇಶಿ ಅವನ ತೋಳು ಹಿಡಿದ. "ಇವ್ರಿಗೆ ಹೆಗಲು ಕೊಟ್ರೆ ನಾವು ಒಳಗೆ ಮುದ್ದೆ ತಿಂದಿದ್ದು ಯಾತಕ್ಕೋ, ರುದ್ರಣ್ಣ? ನಾಳೆ ಜನ ಏನಂದಾರು?" ಎಲ್ಲರೂ ಅಣ್ಣನ ಮುಖ ನೋಡುತ್ತಿದ್ದರು. ಅತ್ತೆಯೂ ನೋಡುತ್ತಿದ್ದಳು, ಮಾವ.

"ನಾನು ಮರ ಕಡಿದಿದ್ದೆ. ಮಾವ ನೋಡಿದ್ದ. ಕೇಳಿದ್ರು, ಹೇಳಿದ" ಎಂದ ಅಣ್ಣ. "ನಿನ್ನ ಹೆಸರು ಹೇಳಿದ್ನೇನೋ? ನೀನು ಹಿಂದುಗಡೆ ಇದ್ದೆ, ಕಾಣಲಿಲ್ಲ ಅಂತ ಬಿಟ್ಟ. ಪೋಲೀಸ್ನೋರೇ ಸುಳ್ಳು ಸಾಕ್ಷಿ ತಂದು ನಿನ್ನ ಒಳಗೆ ಹಾಕಿದ್ದು. ಮಾವ ಒಂದು ಸುಳ್ಳು ಹೇಳಿದ್ರೂ ಇವತ್ತು ನಾನು ಈ ಅಂಗಳಕ್ಕೆ ಕಾಲಿಡ್ತಿರಲಿಲ್ಲ." ಪರಮೇಶಿ ಅಣ್ಣನ ತೋಳು ಬಿಟ್ಟ. ಆಮೇಲೆ, "ಹೆಗಲು ಕೊಡ್ತೀನಿ. ಜೈ ಮಾತ್ರ ಅನ್ನಲ್ಲ" ಎಂದ. "ಅನ್ನಬ್ಯಾಡ. ನಾನೂ ಅನ್ನಲ್ಲ" ಎಂದ ಅಣ್ಣ. ನಾನು ಅಣಕಕ್ಕೆಂದು ಕಟ್ಟುತ್ತಿದ್ದ ವಿಮಾನವನ್ನೇ ಮುಗಿಸಿ ತಂದೆವು; ಅದಕ್ಕೆ ಹೂವು ಕಟ್ಟಿದ್ದು ಧಿಕ್ಕಾರ ಕೂಗಿದ ಕೈಗಳೇ. ಅಮಲ್ದಾರರಿಗೆ ಆಳು ಹೋಗಿ ಹೇಳಿ ಬಂದಿದ್ದ. ಅವರು ಬರಲಿಲ್ಲ. ಏನೋ ತುರ್ತು ಕೆಲಸ ಇದ್ದಿರಬೇಕು ಎಂದು ನಿಮ್ಮ ಪರವಾಗಿ ನಾನೇ ಅಂದುಕೊಂಡೆ.

ಇನ್ನು ನಿಮಗೆ ತಿಳಿಯದ ಸುದ್ದಿ. ಖಾಲಿಯಾದ ನಿಮ್ಮ ಬೋರ್ಡಿನ ಜಾಗದ ಚುನಾವಣೆಗೆ ಅಣ್ಣ ನಿಂತಿದ್ದಾನೆ. ಮೊನ್ನೆ ಓಟು ಕೇಳುವ ಮೊದಲ ಸಭೆ. ಹೆಂಡದ ಹರಾಜನ್ನು ನೀವು ಹೇಗೆ ನಿಲ್ಲದಂತೆ ಕಾಯ್ದುಕೊಂಡು ಬಂದಿರಿ ಎಂದು ಅಣ್ಣ ಎಳೆಎಳೆಯಾಗಿ ಬಿಡಿಸಿ ಬೈದ. ನಾನೂ ಚಪ್ಪಾಳೆ ತಟ್ಟಿದೆ. ಹಿಂದಿನಿಂದ ಯಾರೋ ನಿಮ್ಮ ಹೆಸರಿಗೆ ಒಂದು ಹೊಲಸು ಮಾತು ಸೇರಿಸಿದ. ಅಣ್ಣ ಭಾಷಣ ನಿಲ್ಲಿಸಿ, "ಮಾಡಿದ್ದನ್ನ ಬೈಯಿ, ನಾನೂ ಬೈತೀನಿ. ಆ ಮಾತು ವಾಪಸ್ ತಗಾ, ಇಲ್ಲಾ ಎದ್ದು ಹೋಗು" ಎಂದ. ಅವನು ಎದ್ದು ಹೋದ. ಅಣ್ಣನ ಒಂದು ಓಟೂ ಹೋಯಿತು.

ಆ ಸಭೆಗೆ ಅತ್ತೆಯೂ ಬಂದಿದ್ದಳು, ಹೆಂಗಸರ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಮನೆಗೆ ಬಿಡಲು ಹೋದಾಗ ಕೇಳಿದಳು:

"ಹಾಲೇಶ, ಹೊಲ ನನ್ನ ಹೆಸರಿಗೆ ಆತಲ್ಲ. ಕಂದಾಯ ಕಟ್ಟೋರಿಗೆ ಓಟು ಐತಂತೆ. ಹಂಗಾರೆ ನನಗೂ ಬಂತೇನೋ?"

"ಬಂತತ್ತೆ. ಯಾರಿಗೆ ಹಾಕ್ತೀಯ?"

"ರುದ್ರಣ್ಣಗೆ. ಹೆಂಡದ ವಿಷಯದಾಗೆ ಅವನು ಹೇಳಿದ್ದು ದಿಟ ಕಣೋ. ನಾನೂ ಇವ್ರಿಗೆ ಅದನ್ನೇ ಹೇಳ್ತಿದ್ದೆ. ಎಲ್ಲಿ ಕೇಳ್ತಿದ್ರು?" ಬಾಗಿಲು ತೆರೆದವಳು ನಿಮ್ಮ ಖಾಲಿ ಜಗಲಿಯ ಕಡೆ ತಿರುಗಿದಳು. ನಿಮಗೆ ಕಾಗದ ಬರೆಯುತ್ತಿದ್ದೇನೆಂದು ಅವಳಿಗೆ ಮೊದಲೇ ಹೇಳಿದ್ದೆ. "ಇದೊಂದು ಬರೀಬ್ಯಾಡಪ್ಪ. ನೊಂದ್ಕೊಂತಾರೆ" ಎಂದಳು.

ಬರೆದಿದ್ದೇನೆ, ಮಾವ.