ಐಸ್ ಫ್ಯಾಕ್ಟರಿಯಲ್ಲಿ ಲಂಗರ್ಸ್

ಜೂನ್ 24, ಮಂಗಳವಾರ

ಬೋಟು ಬಂದ್, ಮೀನಿಲ್ಲ. ಬಸಳೆ ಸಾರು, ಎರಡನೇ ದಿನ. ಇವರಿಗೆ ಮಾತ್ರೆ ಕೊಟ್ಟು ಎಡಗೈಗೆ ರಬ್ಬರ್ ಚೆಂಡು ಕೊಟ್ಟೆ. ಸ್ಟ್ರೋಕ್ ಆದ ಮೇಲೆ ಇದು ಎರಡನೇ ಮಳೆಗಾಲ. ಈಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಆದರೆ ನಾನು ಅಡುಗೆಮನೆಗೆ ಹೋದ ಕೂಡಲೇ ಚೆಂಡು ಕುರ್ಚಿಯಡಿಗೆ. ಮೊಮ್ಮಕ್ಕಳಾಗುವ ವಯಸ್ಸಿನ ಗಂಡಸು!

ಮಧ್ಯಾಹ್ನದ ಹೊತ್ತಿಗೆ ಕಾಸರಕೋಡದಿಂದ ಜಟ್ಟ ಬಂದ. ಜೊತೆಗೆ ಕುಮಟೆಯ ವೆಂಕಟ್ರಮಣ. ಮುಖ ನೋಡಿದಾಗಲೇ ಗೊತ್ತಾಯಿತು, ಎಂತದೋ ಇದೆ. ಈ ಮೂವರೂ ಸೇರಿ 'ದಿ ಲಂಗರ್ಸ್' ಅಂತ ರಾಕ್ ಬ್ಯಾಂಡ್ ಕಟ್ಟಿದ್ದು ಎಂಬತ್ತೈದರಲ್ಲಿ. ಜಟ್ಟ ಹಾಡುವುದು, ವೆಂಕಟ್ರಮಣ ಗಿಟಾರ್, ಇವರು ಡ್ರಮ್ಸ್. ಭಟ್ಕಳದಿಂದ ಕುಮಟೆಯವರೆಗೆ ಕಾಲೇಜು ಹುಡುಗರೆಲ್ಲ ಇವರ ಹಿಂದೆ. ವೆಂಕಟ್ರಮಣನಿಗೆ ಬ್ಯಾಂಕಿನಲ್ಲಿ ದೂರ ವರ್ಗವಾಯಿತು. ಬ್ಯಾಂಡ್ ಮುಗಿಯಿತು.

"ದುರ್ಗಕ್ಕ, ಮತ್ತೊಂದ್ ಸಲ ಬಾರ್ಸುವ ಅಂತ. ಜನರ ಮುಂದೆ, ಲೈವ್. ಅದ್ನೇ ರೆಕಾರ್ಡ್ ಮಾಡಿ ಆಲ್ಬಮ್," ಅಂದ ಜಟ್ಟ.

"ಇವ್ರ ಕೈ?"

ಜಟ್ಟ ವೆಂಕಟ್ರಮಣನ ಕಡೆ ನೋಡಿದ. ಆಮೇಲೆ ವೆಂಕಟ್ರಮಣ ಮೆಲ್ಲಗೆ, "ತಾಳಕ್ಕೆ ಮೆಷಿನ್ ಇಟ್ರಾತು. ನಿತ್ಯಾನಂದ ಸುಮ್ನೆ ಕೂತು ಕೋಲು ಆಡ್ಸಿದ್ರೆ ಸಾಕು."

"ಮೆಷಿನ್ ಬಾರ್ಸುದಾದ್ರೆ ಮೆಷಿನ್ನನ್ನೇ ಕೂರ್ಸಿ. ನನ್ನ ಗಂಡ ಬೊಂಬೆ ಅಲ್ಲ."

ಚಹಾ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಅವರು ಹೋದ ಮೇಲೆ ಇವರು ಬಗ್ಗಿ ಕುರ್ಚಿಯಡಿಯಿಂದ ಚೆಂಡು ತೆಗೆದರು. ನಾನು ಹೇಳದೆಯೇ.

ಜುಲೈ 8, ಮಂಗಳವಾರ, ಸಂಜೆ

ಮಾಳಿಗೆಯಲ್ಲಿ ಪ್ರಾಕ್ಟೀಸ್. ಮೆಷಿನ್ ಇಲ್ಲ — ಇವರೇ ಬೇಡ ಅಂದರು. ಮಗಳು ವಿನುತಾ ಮಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೆಲಸದವಳು, ರಜೆ ಹಾಕಿ ಬಂದಿದ್ದಾಳೆ. ಮನೆ ತುಂಬ ವೈರು. ದೇವರ ಕೋಣೆಯ ಪ್ಲಗ್ಗಿಗೂ ಕೈ ಹಾಕಿದ್ದಳು, ಬೈದೆ.

ಕೆಳಗೆ ಕಾಯಿ ತುರಿಯುತ್ತಾ ಕೂತಿರುತ್ತೇನೆ. ಬೇಡವೆಂದರೂ ಕಿವಿ ಮೇಲೆ ಹೋಗುತ್ತದೆ. ಸಣ್ಣ ಹಾಡುಗಳಿಗೆ ತೊಂದರೆಯಿಲ್ಲ. ಬಲೆ ಹಾಡಿನದ್ದೇ ಚಿಂತೆ. ದಡದಿಂದ ರಂಪಣಿ ಬಲೆ ಎಳೆಯುವಾಗ ಒಬ್ಬರು ಕೂಗು ಹಾಕಿ, ಊರಿಡೀ 'ಐಸಾ' ಅಂತ ಹಗ್ಗ ಜಗ್ಗುತ್ತದಲ್ಲ, ಆ ಗತಿಯನ್ನೇ ಇಂಗ್ಲಿಷ್ ತಾಳಕ್ಕೆ ಕೂರಿಸಿದ್ದಾರೆ. ನನ್ನ ಅಪ್ಪ ಕೂಗು ಹಾಕುವವನೇ. ನಾನು ನಡೆಯಲು ಕಲಿತದ್ದೇ ಆ ಹಗ್ಗ ಹಿಡಿದು. ಹಾಡು ಉದ್ದ. ನಡುವೆ ಎಡಗೈ ಸೋಲುತ್ತದೆ... ಒಂದು ಪೆಟ್ಟು ತಡ, ಆಮೇಲೆ ಎರಡು.

ಇಡೀ ಕಾಸರಕೋಡ ಬರುತ್ತದಂತೆ. ಅಷ್ಟು ಜನರ ಮುಂದೆ ಇವರು ತಪ್ಪಿ, ಯಾರಾದರೂ ಫಕ್ಕನೆ ನಕ್ಕರೆ? ಅದನ್ನು ನಾನು ಹೇಗೆ ನೋಡಲಿ?

ಜುಲೈ 20, ಭಾನುವಾರ, ಬೆಳಿಗ್ಗೆ

ಇವತ್ತೇ. ಜಟ್ಟನ ಐಸ್ ಫ್ಯಾಕ್ಟರಿಯಲ್ಲಿ. ಮೀನಿಲ್ಲದ ಕಾಲ, ಐಸೂ ಇಲ್ಲ, ಜಾಗ ಖಾಲಿ. ವಿನುತಾಳಿಗೆ ಅಲ್ಲಿನ ಗೋಡೆ ಬಲು ಇಷ್ಟವಾಗಿದೆ, ಸದ್ದು ಚೆನ್ನಾಗಿ ಮೊಳಗುತ್ತದಂತೆ. ನೆಲ ಒದ್ದೆ ಅಂತ ಡ್ರಮ್ಸನ್ನು ಐಸ್ ಸಾಗಿಸುವ ಗಾಲಿಗಾಡಿಯ ಮೇಲೆ ಏರಿಸಿದ್ದಾರಂತೆ. ಜನ ಮುಂದೆ ನುಗ್ಗದ ಹಾಗೆ ಅಡ್ಡಕ್ಕೆ ಬೋಟಿನ ಹಗ್ಗ.

ಇಸ್ತ್ರಿ ಮಾಡಿದ ಬಿಳಿ ಅಂಗಿ ಕೊಟ್ಟೆ. ಕರಿ ಟೀ ಶರ್ಟೇ ಬೇಕಂತೆ. ಹಾಳಾಗಲಿ.

ನಾನು ಹೋಗುತ್ತೇನೆ. ಹಿಂದೆ ಕೂರುತ್ತೇನೆ.

ಜುಲೈ 21, ಸೋಮವಾರ

ಹಿಂದೆ ಕೂರಲು ಬಿಡಲಿಲ್ಲ. ಪಕ್ಕದ ಮನೆಯ ಹನುಮಕ್ಕ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು. ಸುತ್ತಲೂ ಮೀನು ಮಾರುವ ಹೆಂಗಸರು. ಹನುಮಕ್ಕ ಕಿವಿಯಲ್ಲಿ, "ಎಂತ ದುರ್ಗಕ್ಕ, ನಿಮ್ಮನೆಯವ್ರು ಈ ಕರಿ ಬನಿಯನ್ನಲ್ಲಿ ಹರೆಯದ ಹುಡ್ಗನಂಗೆ ಕಾಣ್ತ್ರಲ್ಲ!" ಅಂದಳು. ಅವಳ ಕೈ ಚಿವುಟಿದೆ. ನಿಜವೇ.

ಬಲೆ ಹಾಡು ಕೊನೆಗೆ. ಅರ್ಧ ಚೆನ್ನಾಗಿ ಹೋಯಿತು. ಆಮೇಲೆ ಎಡಗೈ ತಡವಾಯಿತು. ಮತ್ತೆ ತಡ. ವೆಂಕಟ್ರಮಣ ತಿರುಗಿ ನೋಡಿದ. ಎಡಗೈಯ ಕೋಲು ಮೇಲೆ ಹೋದದ್ದು ಕೆಳಗೆ ಬರಲಿಲ್ಲ — ಡ್ರಮ್ಸ್ ನಿಂತಿತು. ಗಿಟಾರೂ ನಿಂತಿತು. ಜಟ್ಟ ಬಾಯಿ ತೆರೆದುಕೊಂಡೇ ನಿಂತ. ಅಷ್ಟು ದೊಡ್ಡ ಕಟ್ಟಡದಲ್ಲಿ ತಗಡಿನ ಮೇಲಿನ ಮಳೆಯ ಸದ್ದು ಮಾತ್ರ.

ಇವರು ನನ್ನನ್ನೇ ನೋಡಿದರು.

ಎದ್ದದ್ದು ಯಾವಾಗ, ನೆನಪಿಲ್ಲ. ಅಪ್ಪನ ಕೂಗು ನನ್ನ ಬಾಯಲ್ಲಿ ಬಂತು. "ಓ... ಏಳೇ ಏಳ್..."

"ಐಸಾ!" ಹೆಂಗಸರೆಲ್ಲ.

ಆ ಕೂಗು ಕೇಳಿದರೆ ನಮ್ಮವರು ಚಪ್ಪಾಳೆ ತಟ್ಟುವವರಲ್ಲ. ಕೈ ಹಗ್ಗ ಹುಡುಕುತ್ತದೆ. ಎದುರಿಗೆ ಅಡ್ಡ ಕಟ್ಟಿದ ಹಗ್ಗ ಇತ್ತು. ಇಡೀ ಸಾಲು ಎದ್ದು ಹಿಡಿದು ಜಗ್ಗಿತು. ಅದರ ತುದಿಯನ್ನು ಜಟ್ಟ ಡ್ರಮ್ಸಿನ ಗಾಡಿಗೇ ಕಟ್ಟಿದ್ದನಂತೆ, ಪುಣ್ಯಾತ್ಮ!

ಗಾಡಿ ಕದಲಿತು.

"ಬಿಡಿ, ಬಿಡ್ರೇ!" ಜಟ್ಟ ಕೂಗಿದ. ಯಾರು ಬಿಡುತ್ತಾರೆ? ಬಲೆ ಅರ್ಧಕ್ಕೆ ಬಿಟ್ಟವರುಂಟೇ? ನಾನೂ ಕೂಗುವುದು ನಿಲ್ಲಿಸಲಿಲ್ಲ. ಇವರು ಮೊದಲು ಬಲಗೈಯಲ್ಲಿ ಒಂದೇ ಒಂದು ಪೆಟ್ಟು ಕೊಟ್ಟರು, ಐಸಾಕ್ಕೆ ಸರಿಯಾಗಿ. ಆಮೇಲೆ ಎಡಗೈಯೂ ಇಳಿಯಿತು. ಒಂದೊಂದು ಜಗ್ಗಿಗೂ ಗಾಡಿ ಕಿರ್ರೆಂದು ಮುಂದೆ. ಬಾರಿಸುತ್ತಾ, ನಗುತ್ತಾ, ಬಲೆ ದಡಕ್ಕೆ ಬಂದ ಹಾಗೆ ನನ್ನ ಕಾಲ ಬುಡಕ್ಕೇ ಬಂದರು.

ಜನ ನಕ್ಕರು. ಹೌದು, ನಕ್ಕರು. ಅದು ನಾನು ಹೆದರಿದ ನಗುವಲ್ಲ.

ಇವತ್ತು ಗಂಟಲು ಕಟ್ಟಿದೆ. ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೋ.

ಜುಲೈ 29, ಮಂಗಳವಾರ

ವಿನುತಾ ಮಂಗಳೂರಿಗೆ ಹೋಗುವ ಮೊದಲು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಎಲ್ಲ ಕೇಳುತ್ತದೆ. ಕೈ ಸೋತದ್ದು. ಮಳೆ. ನನ್ನ ಗಂಟಲು — ಮೀನುಪೇಟೆಯ ಜಗಳದ ಹಾಗೆ. ಗಾಡಿ ಹತ್ತಿರ ಬಂದ ಹಾಗೆ ಡ್ರಮ್ಸ್ ದೊಡ್ಡದಾಗುತ್ತದೆ.

"ಅಮ್ಮ, ನಿಂತದ್ದನ್ನ ಕತ್ತರಿಸಿ ಜೋಡ್ಸಬಹುದು. ನಿನ್ನ ಕೂಗನ್ನೂ ತೆಗೀಬಹುದು. ಯಾರಿಗೂ ಗೊತ್ತಾಗುದಿಲ್ಲ."

"ವೆಂಕಟ್ರಮಣ ಎಂತ ಹೇಳ್ದ?"

"ತೆಗಿ ಅಂದ್ರು. ಜಟ್ಟ ಮಾಮ ಬೇಡ ಅಂದ್ರು. ಅಪ್ಪ 'ಅಮ್ಮನ್ನ ಕೇಳು' ಅಂದ್ರು."

ಇವರು ಪೇಪರಿನ ಹಿಂದೆ ಕೂತಿದ್ದರು. ಪೇಪರ್ ಅಲುಗಲಿಲ್ಲ. ನನ್ನ ಮರ್ಯಾದೆಯ ಲೆಕ್ಕದಲ್ಲಿ ತೆಗೆಸಬೇಕಿತ್ತು. ಮದುವೆ ಮನೆಯಲ್ಲೂ ಬಾಯಿಬಿಟ್ಟು ಹಾಡಿದವಳಲ್ಲ. ಆದರೆ ಆ ನಿಂತದ್ದನ್ನು ತೆಗೆದರೆ, ಇವರು ಮತ್ತೆ ತಾಳ ಹಿಡಿದದ್ದೂ ಹೋಯಿತಲ್ಲ.

"ಒಂದನ್ನೂ ಮುಟ್ಬೇಡ," ಅಂದೆ.

ಪೇಪರಿನ ಹಿಂದಿನಿಂದ, "ನಾ ಹೇಳ್ಲಿಲ್ವಾ ಮಗಾ, ಅಮ್ಮ ಹಗ್ಗ ಬಿಡುವವಳಲ್ಲ."

"ನೀವು ಸುಮ್ನೆ ಚೆಂಡು ಹಿಚುಕಿ."

ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 10.30

ಆಲ್ಬಮ್ ಬಂದಿದೆ. ಮುಟ್ಟಳ್ಳಿಯಿಂದ ತಂಗಿ ಫೋನ್ ಮಾಡಿ ಅರ್ಧ ಗಂಟೆ ನಕ್ಕಳು, ಆಮೇಲೆ ಅತ್ತಳು. ಬೋಟು ಶುರುವಾಗಿ ಬಂಗುಡೆ ಬಂತು. ದಪ್ಪ ಬಂಗುಡೆ, ಮಸಾಲೆ ಅರೆದಿಟ್ಟಿದ್ದೇನೆ.

ಇವರು ಮೇಲೆ ಬಾರಿಸುತ್ತಿದ್ದಾರೆ. ಎಡಗೈ ಈಗ ಅಡ್ಡಿಯಿಲ್ಲ. ಬಲೆ ಹಾಡನ್ನು ಪೂರ್ತಿ ಬಾರಿಸಬಲ್ಲರು, ನನಗೆ ಗೊತ್ತು. ಆದರೂ ವಾರದಿಂದ ಹೊಸ ಕಳ್ಳಾಟ — ಅದೇ ಜಾಗಕ್ಕೆ ಬಂದು ಬೇಕೆಂದೇ ನಿಲ್ಲಿಸುತ್ತಾರೆ. ನಿಲ್ಲಿಸಿ ಕಾಯುತ್ತಾರೆ.

ಈಗಲೂ ನಿಲ್ಲಿಸಿದರು. ಸದ್ದಿಲ್ಲ. ಪಕ್ಕದಲ್ಲಿ ಹನುಮಕ್ಕ ಬಟ್ಟೆ ಒಗೆಯುತ್ತಿದ್ದಾಳೆ, ಎಲ್ಲ ಕೇಳಿಸುತ್ತದೆ. ನಾನು ಮಾಳಿಗೆ ಹತ್ತುವವಳಲ್ಲ. ಕೂಗಿದರೂ ಇಲ್ಲಿಂದಲೇ, ಮೆಲ್ಲಗೆ, ಒಂದೇ ಸಲ... ಓ