ಗಂಡಸಿನ ಸಹಿ

ತಂಗಿ ಗಂಗವ್ವಾ,

ನೀನು ಹೋಗಿ ಎರಡು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನಾನು ಆಗುತ್ತೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನಯವಾಗಿ ಬರೆಯಲು ನನಗೆ ಬರುವುದಿಲ್ಲ.

ಕಮರಿಪೇಟೆಯ ನಿನ್ನ ಪಡಸಾಲೆಯಲ್ಲಿ ನಮ್ಮ ಸಾಲದ ಸಂಘ ಕೂರುತ್ತಿದ್ದುದು ನೆನಪಿದೆಯೇ? ಒಬ್ಬಳ ಸಾಲಕ್ಕೆ ಉಳಿದವರೆಲ್ಲರ ಸಹಿ ಜಾಮೀನು. ಯಾರನ್ನು ಸೇರಿಸಿಕೊಳ್ಳಬೇಕೆಂದು ಹೇಳುವವಳು ನೀನು. ಗಂಡ ಸತ್ತ ಕಸ್ತೂರಿ ಬಂದಾಗ ಏನೆಂದೆ? “ಗಂಡಿಲ್ಲದಾಕಿ. ನಾಳೆ ಕಂತು ತಪ್ಪಿದರ ಯಾರನ್ನ ಕೇಳೋಣು?” ಅವಳು ಸೆರಗು ಹೊದ್ದುಕೊಂಡು ಎದ್ದು ಹೋದಳು. ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಕಂತು ತಪ್ಪಿದ ವಾರಗಳನ್ನು ನೆನೆಸಿಕೋ. ಪಾರವ್ವನ ಗಂಡ ಡಬ್ಬಿಯಲ್ಲಿದ್ದ ದುಡ್ಡು ಒಯ್ದು ಇಸ್ಪೀಟಿಗೆ ಇಟ್ಟ. ಶಾಂತಾಳ ಗಂಡ... ಬೇಡ ಬಿಡು, ನಿನಗೇ ಗೊತ್ತು. ತಪ್ಪಿದ್ದೆಲ್ಲ ಗಂಡ ಇದ್ದವರದೇ, ತುಂಬಿಕೊಟ್ಟವರು ನಾವು. ಆದರೂ ಗಂಡ ಇದ್ದವಳೇ ಭದ್ರ! ಇದು ಯಾವ ಬುದ್ಧಿ?

ಹೋದ ತಿಂಗಳು ಒಂದು ಮಂಗಳವಾರ ನಿನ್ನ ಮಗಳು ಸುಮಾ ಸಂಘಕ್ಕೆ ಬಂದಳು. ನಿನ್ನ ಅಳಿಯ ತೀರಿಕೊಂಡ, ಅದು ನಿನಗೆ ತಿಳಿಯದು. ಗೋಕುಲ ರಸ್ತೆಯ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ರೊಟ್ಟಿ ಯಂತ್ರಕ್ಕೆ ಸಾಲ ಬೇಕಿತ್ತು. ಸಾಲದ ಕಂಪನಿಯ ಸಾಹೇಬ ಫಾರಂ ತಿರುವಿದ. “ಗಂಡಸರ ಸಹಿ ಬೇಕ್ರಿ. ಅಣ್ಣ ಆದರೂ ನಡೀತೈತಿ.”

“ಅಣ್ಣ ಅಂದ್ರ ಬಸ್ಯಾ?” ಎಂದೆ ನಾನು. “ಹೇಂತಿ ಹೊಲಿಗಿ ಮಷೀನ ಮಾರಿ ಕುಡದಾನ. ಅಂವ ಜಾಮೀನೇನ?”

“ಗಂಡಸ ಹೌದಲ್ರಿ ಅಮ್ಮಾ.”

“ಗಂಗಕ್ಕ ಹಾಕಿದ ಕಾಯ್ದೆ ಐತಿ” ಎಂದಳು ಪಾರವ್ವ. ನಿನ್ನ ಮಗಳ ಎದುರಿಗೇ!

ನಾನು ಎದ್ದು ನಿಂತೆ. “ಸುಮಾಗ ಇಲ್ಲಂದ್ರ ನನ್ನ ಸಹಿ ನಿಮಗ್ಯಾರಿಗೂ ಇಲ್ಲ. ಹ್ಯಾಂಗ ಸಾಲ ಎತ್ತತೀರಿ ನೋಡತೇನಿ.”

“ಮುದುಕಿ ತಲಿ ಕೆಟ್ಟೈತಿ” ಎಂದರು. ಕೆಟ್ಟಿತ್ತು. ಮೂರು ವಾರ ಯಾರಿಗೂ ಹೊಸ ಸಾಲ ಸಿಗಲಿಲ್ಲ. ನಾಲ್ಕನೆಯ ವಾರ ಪಾರವ್ವನೇ ಸಾಹೇಬನ ಮೇಲೆ ಹರಿಹಾಯ್ದಳು: “ಇಷ್ಟ ಮಂದಿ ಹೆಂಗಸರು ಕುಂತೇವಿ, ಒಬ್ಬ ಗಂಡಸಿಗೆ ಸಮಾ ಆಗೂದಿಲ್ಲೇನ್ರಿ?” ಅವನು ಫಾರಂ ಮಡಚಿಕೊಂಡು ಮೇಲಿನವರನ್ನು ಕೇಳಲು ಹೋದ.

ಕಸ್ತೂರಿಯನ್ನು ಕರೆಯಲೂ ಹೋಗಿದ್ದೆ. “ಆವಾಗ ಕರೀಬೇಕಿತ್ತು” ಎಂದು ಬಾಗಿಲು ಹಾಕಿಕೊಂಡಳು. ಆ ತಪ್ಪು ನಿನ್ನದೊಂದೇ ಅಲ್ಲ, ನನ್ನದೂ.

ಮೊನ್ನೆ ಸುಮಾಳ ಸಾಲ ಬಂತು, ಯಾವ ಗಂಡಸಿನ ಸಹಿಯೂ ಇಲ್ಲದೆ. ಸಂಜೆಗೇ ನಿನ್ನ ಮಗ ಬಸ್ಯಾ ಹಲ್ಲು ಕಿರಿಯುತ್ತ ಅವಳ ಮನೆಗೆ ಬಂದ: “ತಂಗೀ, ಒಂದೀಟು ರೊಕ್ಕ...” ಬಾಗಿಲಲ್ಲಿ ನಾನಿದ್ದೆ. ಮುಂದೇನಾಯಿತೆಂದು ಬರೆಯುವುದಿಲ್ಲ. ಎಷ್ಟಾದರೂ ಹೆತ್ತವಳು ನೀನು.

ನಿನ್ನ ಅಕ್ಕ