ಬಚ್ಚಲುಮನೆಯ ಗೋಡೆ

ಮೂಡುಬಿದಿರೆ
೧೦-೪-೧೯೬೩

ಮುಂಡಪ್ಪ,

ನೀನು ತೀರಿಕೊಂಡ ಮೇಲೆ ಮಣ್ಣಿನ ಕೆಲಸಕ್ಕೆ ಬೇರೆಯವರನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಮಳೆಗಾಲಕ್ಕೆ ಮುನ್ನ ಮುಗಿಯಲೆಂದು ಬಚ್ಚಲುಮನೆಯ ಗೋಡೆಯನ್ನು ನಾನೇ ಕಟ್ಟಲು ಹೊರಟೆ. ಮೊನ್ನೆ ಒಂದೇ ದಿನದಲ್ಲಿ ಹಸಿಮಣ್ಣಿನ ನಾಲ್ಕು ವರಸೆ ಒಂದರ ಮೇಲೊಂದು ಏರಿಸಿ, ಇದೇನು ಮಹಾ ವಿದ್ಯೆ ಎಂದುಕೊಂಡೆ. ನಿನ್ನೆ ಬೆಳಗ್ಗೆ ನೋಡಿದರೆ ಗೋಡೆ ಅಂಗಳದಲ್ಲಿ ಬಿದ್ದಿತ್ತು.

ಕಟ್ಟಿದ ಬೀಡಿಯನ್ನು ಅಂಗಡಿಗೆ ಕೊಡಲು ಹೋಗುತ್ತಿದ್ದ ನಿನ್ನ ಮಗಳು ಕಾಂತಿ ಅದನ್ನು ಕಂಡು ಒಳಗೆ ಬಂದಳು. ಬುಟ್ಟಿ ಕೆಳಗಿಟ್ಟು, ಸೆರಗು ಸಿಕ್ಕಿಸಿ ಮಣ್ಣು ಕಲಸಿದಳು.

“ಒಂದು ವರಸೆ ಒಣಗದೆ ಇನ್ನೊಂದು ಇಡಬಾರದು ಅಂತ ಅಪ್ಪ ಹೇಳ್ತಿದ್ದರು. ಮಣ್ಣು ನಿಮ್ಮ ಬೆತ್ತಕ್ಕೆ ಹೆದರುವುದಿಲ್ಲ ಮಾಸ್ಟ್ರೇ.”

ಅವಳು ಏಳನೆಯ ತರಗತಿಯಲ್ಲಿ ನಪಾಸಾದಾಗ, ಇನ್ನೊಂದು ವರ್ಷ ಕೂರಲಿ, ಕಲಿತಾಳೆ ಎಂದು ನೀನು ನನ್ನ ಜಗಲಿಯ ಕೆಳಗೆ ನಿಂತು ಕೇಳಿದ್ದೆ. ಇವಳಿಗೆ ವಿದ್ಯೆ ಹತ್ತದು, ಶಾಲೆ ಬಿಡಿಸು ಎಂದವನು ನಾನು.

ಒಂದೇ ಒಂದು ವರಸೆ ಇಟ್ಟು ಕಾಂತಿ ಕೈತೊಳೆದಳು.

“ಇನ್ನು ಮೂರು ದಿನ ಮುಟ್ಟಬೇಡಿ. ಕಾಯಲಿಕ್ಕೆ ಪುರುಸೊತ್ತು ಉಂಟಲ್ಲ?”

ನಿವೃತ್ತನಾಗಿ ಎರಡು ವರ್ಷವಾಯಿತು. ಅಂದು ಅವಳಿಗೆ ಒಂದು ವರ್ಷ ಕೊಡದ ನನಗೆ ಈಗ ಪುರುಸೊತ್ತೇ ಪುರುಸೊತ್ತು. ನೆಂಟರಿಗೆ ಕೊಡುವಂತೆ ಬೆಲ್ಲ, ನೀರು ತಂದು ಅವಳ ಮುಂದಿಟ್ಟೆ.